ಬಹುಮತವೂ ಒಂದು ಬಣವೇ: ಜೇಮ್ಸ್ ಮ್ಯಾಡಿಸನ್ ನಿಲುವು ಬದಲಿಸಿದನೆ?

ಪ್ರಶ್ನೆ: ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ ನಾನು. ಅಮೆರಿಕದ ಸಂವಿಧಾನದ ಪಿತಾಮಹ ಎನಿಸಿಕೊಂಡ ಜೇಮ್ಸ್ ಮ್ಯಾಡಿಸನ್ ಬಣಗಳೇ ಗಣರಾಜ್ಯಕ್ಕೆ ಕಂಟಕ ಎಂದು ಬರೆದು, ನಾಲ್ಕೈದು ವರ್ಷಗಳಲ್ಲೇ ಗೆಳೆಯ ಥಾಮಸ್ ಜೆಫರ್ಸನ್ ಜೊತೆಗೂಡಿ ಪಕ್ಷ ಕಟ್ಟಿದ. ರಾಜ್ಯಗಳ ಯಾವ ಕಾನೂನನ್ನಾದರೂ ಕೇಂದ್ರ ತಳ್ಳಿಹಾಕುವಂತಿರಬೇಕು ಎಂದು 1787ರಲ್ಲಿ ವಾದಿಸಿದವನು 1798ರಲ್ಲಿ ಕೇಂದ್ರದ ವಿರುದ್ಧ ರಾಜ್ಯಗಳ ಪರ ನಿಂತ. ಹಕ್ಕುಗಳ ಪಟ್ಟಿಯಿಂದ ಪ್ರಯೋಜನವಿಲ್ಲ ಎನ್ನುತ್ತಿದ್ದವನೇ ಅದನ್ನು ಮಂಡಿಸಿದ. ಇದರಲ್ಲಿ ಸಿದ್ಧಾಂತ ಎಲ್ಲಿದೆ? ಇದು ಬರೀ ಸಮಯಸಾಧಕತನವಲ್ಲವೆ?

ಉತ್ತರ: ನೀವು ಹೇಳಿದ ಮೂರು ತಿರುವುಗಳೂ ದಾಖಲೆಯಲ್ಲಿರುವಂಥವು, ಅವನ್ನು ಮರೆಮಾಚಿ ಮ್ಯಾಡಿಸನ್‌ನನ್ನು ಕಾಪಾಡುವ ಹಂಗು ನನಗಿಲ್ಲ. ಆದರೆ ಸಮಯಸಾಧಕತನ ಎಂಬ ತೀರ್ಮಾನಕ್ಕೆ ಬರುವ ಮೊದಲು, ಆತ ಒಂದೊಂದು ಸಲವೂ ಯಾರ ಕೈಯಲ್ಲಿದ್ದ ಅಧಿಕಾರಕ್ಕೆ ಹೆದರುತ್ತಿದ್ದ ಎಂಬುದನ್ನು ಗಮನಿಸಬೇಕು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಿ ಕೂರುವ ಅವಕಾಶ ಯಾರಿಗೆ ಸಿಕ್ಕಿದೆ, ಅದನ್ನು ತಪ್ಪಿಸುವುದು ಹೇಗೆ ಎಂಬ ಪ್ರಶ್ನೆ ಆತನನ್ನು ಜೀವಮಾನವಿಡೀ ಕಾಡಿತು. ಕೇಂದ್ರ ಹೆಚ್ಚೋ ರಾಜ್ಯ ಹೆಚ್ಚೋ ಎಂಬ ಚರ್ಚೆ ಅದರ ಮುಂದೆ ಎರಡನೆಯದು. ಈ ಎಳೆ ಹಿಡಿದು ಹೊರಟರೆ ಬಹುಪಾಲು ತಿರುವುಗಳು ಅರ್ಥವಾಗುತ್ತವೆ. ಅರ್ಥವಾಗದೆ ಉಳಿಯುವುದೂ ಇದೆ, ಅದಕ್ಕೂ ಬರುತ್ತೇನೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ 1787ರಿಂದ ಕಥೆ ಆರಂಭಿಸುತ್ತವೆ; ನಾನು 1774ರಿಂದ ಆರಂಭಿಸಲು ಇಷ್ಟಪಡುತ್ತೇನೆ. ಆಗ ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಸರ್ಕಾರದ ಚರ್ಚು, ಅದರ ಖರ್ಚಿಗೆ ಎಲ್ಲರೂ ತೆರಿಗೆ ಕೊಡಬೇಕು. ಪರವಾನಗಿ ಇಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟ್ ಪಂಥದವರನ್ನು ಹಿಡಿದು ಸೆರೆಗೆ ಹಾಕುತ್ತಿದ್ದರು. ಪಕ್ಕದ ಕೌಂಟಿಯ ಜೈಲಿನಲ್ಲಿ ಅಂಥ ಐದಾರು ಮಂದಿ ಇದ್ದಾರೆಂದು 22 ವರ್ಷದ ಮ್ಯಾಡಿಸನ್ ತನ್ನ ಕಾಲೇಜು ಗೆಳೆಯ ವಿಲಿಯಂ ಬ್ರಾಡ್‌ಫರ್ಡ್‌ಗೆ ಆ ವರ್ಷದ ಜನವರಿಯಲ್ಲಿ ಕೋಪದಿಂದ ಬರೆದ. ಎರಡು ವರ್ಷಗಳ ನಂತರ ವರ್ಜೀನಿಯಾ ತನ್ನ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸುವಾಗ, ಹಿರಿಯರಾದ ಜಾರ್ಜ್ ಮೇಸನ್ ಬರೆದ ಕರಡಿನಲ್ಲಿ ಎಲ್ಲ ಧರ್ಮಾಚರಣೆಗಳಿಗೂ ಪೂರ್ಣ ‘ಸಹಿಷ್ಣುತೆ’ ತೋರಬೇಕು ಎಂದಿತ್ತು. ಮ್ಯಾಡಿಸನ್ ಅದನ್ನು ತಿದ್ದಿಸಿ, ಧರ್ಮವನ್ನು ಮುಕ್ತವಾಗಿ ಆಚರಿಸಲು ಎಲ್ಲರೂ ಸಮಾನವಾಗಿ ಹಕ್ಕುಳ್ಳವರು ಎಂದು ಮಾಡಿಸಿದ. ಒಂದು ಪದದ ವ್ಯತ್ಯಾಸದಂತೆ ಕಂಡರೂ ಇದು ಸಣ್ಣದಲ್ಲ: ಸಹಿಸುವವನು ನಾಳೆ ಸಹಿಸದೆಯೂ ಇರಬಹುದು, ಹಕ್ಕುಳ್ಳವನು ಯಾರ ಔದಾರ್ಯವನ್ನೂ ಕಾಯಬೇಕಾಗಿಲ್ಲ.

1784–85ರಲ್ಲಿ ವರ್ಜೀನಿಯಾದ ಪ್ರಭಾವಿ ರಾಜಕಾರಣಿ ಪ್ಯಾಟ್ರಿಕ್ ಹೆನ್ರಿ ಕ್ರೈಸ್ತ ಬೋಧಕರ ಪೋಷಣೆಗೆ ತೆರಿಗೆ ಹಾಕುವ ಮಸೂದೆ ತಂದಾಗ ಮ್ಯಾಡಿಸನ್ ಹೆಸರು ಹಾಕದೆ ಒಂದು ದೀರ್ಘ ಪ್ರತಿಭಟನಾ ಮನವಿ ಬರೆದ. ಮಸೂದೆ ಸತ್ತಿತು, 1786ರ ಜನವರಿಯಲ್ಲಿ ಜೆಫರ್ಸನ್ ಹಿಂದೆ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಅಂಗೀಕಾರವಾಯಿತು. ಈ ಹೋರಾಟದಲ್ಲಿ ಎದುರಾಳಿ ರಾಜನಾಗಿರಲಿಲ್ಲ, ರಾಜನನ್ನು ಹೊರದಬ್ಬಿ ಆಗಿತ್ತು. ಎದುರಿಗಿದ್ದದ್ದು ಜನರೇ ಆರಿಸಿ ಕಳಿಸಿದ ಶಾಸನಸಭೆ. ಬಹುಮತವೇ ಅಲ್ಪಮತದ ಹಕ್ಕನ್ನು ತುಳಿಯಬಲ್ಲದು ಎಂಬ ಮಾತು ಆ ಮನವಿಯಲ್ಲೇ ಇದೆ. ಮುಂದೆ ಬರೆದದ್ದೆಲ್ಲ ಇದರ ವಿಸ್ತರಣೆ ಎಂದರೆ ತಪ್ಪಾಗದು.

ಅದೇ ಕಾಲಕ್ಕೆ ಸಾಲ-ಸೋಲದ ರಾಜಕೀಯ ಬಂತು. ಸ್ವಾತಂತ್ರ್ಯಯುದ್ಧ ಮುಗಿದ ಮೇಲೆ ರೈತರು ಸಾಲದಲ್ಲಿ ಮುಳುಗಿದ್ದರು. ಹಲವು ರಾಜ್ಯಗಳು ಕಾಗದದ ಹಣ ಅಚ್ಚುಹಾಕಿ, ಬೆಲೆಯಿಲ್ಲದ ಆ ನೋಟಿನಲ್ಲೇ ಸಾಲ ತೀರಿಸಲು ಅವಕಾಶ ಕೊಟ್ಟವು. ರೋಡ್ ಐಲೆಂಡ್ ಇದರಲ್ಲಿ ಕುಖ್ಯಾತವಾಗಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 1786–87ರಲ್ಲಿ ಸಾಲಗಾರ ರೈತರು ಡೇನಿಯಲ್ ಷೇಸ್‌ನ ಮುಂದಾಳತ್ವದಲ್ಲಿ ದಂಗೆಯೆದ್ದರು. 1787ರ ಏಪ್ರಿಲ್‌ನಲ್ಲಿ ಮ್ಯಾಡಿಸನ್ ತನಗಾಗಿ ಮಾಡಿಕೊಂಡ ಟಿಪ್ಪಣಿಯೊಂದರಲ್ಲಿ ಅಂದಿನ, ಅಂದರೆ ಹೊಸ ಸಂವಿಧಾನಕ್ಕೆ ಮುಂಚಿನ, ಒಕ್ಕೂಟದ ದೋಷಗಳನ್ನು ಬರೆದಿಟ್ಟ. ಅದರಲ್ಲಿ ಅರ್ಧ ಭಾಗ ಒಕ್ಕೂಟದ ನಿಶ್ಶಕ್ತಿಯ ಕುರಿತಾದದ್ದು. ಆದರೆ ಕೊನೆಗೆ ಬರುವ, ಹೆಚ್ಚು ಕಟುವಾದ ಭಾಗ ರಾಜ್ಯಗಳ ಕಾನೂನುಗಳ ಅತಿಸಂಖ್ಯೆ, ಚಂಚಲತೆ ಮತ್ತು ಅನ್ಯಾಯದ ಕುರಿತಾದದ್ದು. ಸಾಲಗಾರರೇ ಬಹುಮತವಾಗಿ ಸಭೆಯಲ್ಲಿ ಕುಳಿತು ಸಾಲದ ಕಾನೂನು ಮಾಡಿದರೆ, ಅದು ವ್ಯಾಜ್ಯದ ಒಂದು ಪಾರ್ಟಿಯೇ ತೀರ್ಪು ಬರೆದಂತೆ. ಸಾಲ ಕೊಟ್ಟವರೇ ಬಹುಮತವಾಗಿದ್ದರೂ ಇದೇ ಮಾತು ಸಲ್ಲುತ್ತದೆ ಎಂಬುದನ್ನು ಆತ ಒಪ್ಪುತ್ತಿದ್ದ. ಆದರೂ ಆತನ ಉದಾಹರಣೆಗಳು ಮೇಲಿಂದ ಮೇಲೆ ಸಾಲಗಾರರ ಕಡೆಗೇ ಬೆರಳು ತೋರುತ್ತವೆ ಎಂಬ ಟೀಕೆಯನ್ನು ನಾನು ತಳ್ಳಿಹಾಕಲಾರೆ.

ಈ ಹಿನ್ನೆಲೆಯಲ್ಲಿ, 1787ರ ನವೆಂಬರ್ 22ರಂದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ ಮ್ಯಾಡಿಸನ್ ಬರೆದ, ಹೊಸ ಸಂವಿಧಾನವನ್ನು ಸಮರ್ಥಿಸುವ ಫೆಡರಲಿಸ್ಟ್ ಲೇಖನಮಾಲೆಯ 10ನೆಯ ಕಂತನ್ನು ಓದಬೇಕು. ಅಲ್ಲಿ ಬರುವ ‘ಫ್ಯಾಕ್ಷನ್’ ಪದಕ್ಕೆ ನೀವು ‘ಬಣ’ ಎಂದಿದ್ದೀರಿ. ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಬಣವೆಂದರೆ ಒಂದು ಪಕ್ಷದೊಳಗಿನ ಇಂಥವರ ಕಡೆಯವರು, ಅಂಥವರ ಕಡೆಯವರು ಎಂದಷ್ಟೇ ಅರ್ಥ. ಮ್ಯಾಡಿಸನ್‌ನ ವ್ಯಾಖ್ಯೆ ಬೇರೆ. ಯಾವುದೋ ಭಾವಾವೇಶದಿಂದಲೋ ಹಿತಾಸಕ್ತಿಯಿಂದಲೋ ಒಂದುಗೂಡಿ, ಇತರ ಪ್ರಜೆಗಳ ಹಕ್ಕಿಗೆ ಅಥವಾ ಇಡೀ ಸಮುದಾಯದ ಶಾಶ್ವತ ಹಿತಕ್ಕೆ ವಿರುದ್ಧವಾಗಿ ನಡೆಯುವ ಜನ, ಅವರು ಅಲ್ಪಸಂಖ್ಯೆಯಲ್ಲಿರಲಿ, ಬಹುಸಂಖ್ಯೆಯಲ್ಲಿರಲಿ, ಆತನ ಪ್ರಕಾರ ಬಣ. ಗುಂಪಾಗಿರುವುದೇ ದೋಷವಲ್ಲ, ಇತರರ ಹಕ್ಕನ್ನು ತುಳಿಯುವುದು ದೋಷ. ಬಹುಮತವೂ ಬಣವಾಗಬಲ್ಲದು ಎಂಬ ಮಾತು ಅಂದಿನ ಓದುಗರಿಗೆ ಕಹಿಯಾಗಿದ್ದಿರಬೇಕು, ಏಕೆಂದರೆ ಅವರು ಆಗಷ್ಟೇ ಬಹುಮತದ ಹೆಸರಿನಲ್ಲಿ ಯುದ್ಧ ಗೆದ್ದಿದ್ದರು.

ಬಣಗಳನ್ನು ನಿರ್ಮೂಲ ಮಾಡಬೇಕೆಂದು ಆತ ಎಲ್ಲೂ ಹೇಳಲಿಲ್ಲ ಎಂಬುದನ್ನು ಒತ್ತಿಹೇಳಬೇಕು, ಏಕೆಂದರೆ ನಿಮ್ಮ ಮೊದಲ ಆಕ್ಷೇಪ ಅಲ್ಲೇ ಸ್ವಲ್ಪ ಎಡವುತ್ತದೆ. ಬೆಂಕಿಗೆ ಗಾಳಿ ಹೇಗೋ ಬಣಕ್ಕೆ ಸ್ವಾತಂತ್ರ್ಯ ಹಾಗೆ. ಬೆಂಕಿಯ ಭಯಕ್ಕೆ ಗಾಳಿಯನ್ನೇ ಇಲ್ಲವಾಗಿಸಿದರೆ ಉಸಿರಾಡುವವರು ಯಾರು ಎಂಬುದು ಆತನ ವಾದದ ತಿರುಳು. ಎಲ್ಲರಿಗೂ ಒಂದೇ ಅಭಿಪ್ರಾಯ ಬರಿಸುವುದಂತೂ ಆಗದ ಕೆಲಸ. ಬಣಗಳ ಅತಿ ಸಾಮಾನ್ಯವಾದ, ಬಹುಕಾಲ ಬಾಳುವ ಮೂಲವೆಂದರೆ ಆಸ್ತಿಯ ಅಸಮಾನ ಹಂಚಿಕೆ: ಇರುವವರು ಮತ್ತು ಇಲ್ಲದವರು, ಸಾಲ ಕೊಟ್ಟವರು ಮತ್ತು ಪಡೆದವರು, ಭೂಮಿಯವರು, ತಯಾರಿಕೆಯವರು, ವ್ಯಾಪಾರಿಗಳು, ಲೇವಾದೇವಿಯವರು. ಕಾರಣವನ್ನು ಕೀಳಲಾಗದ ಮೇಲೆ ಪರಿಣಾಮವನ್ನು ಹತೋಟಿಯಲ್ಲಿಡುವುದಷ್ಟೇ ಉಳಿಯುವ ದಾರಿ.

ಹತೋಟಿ ಹೇಗೆ? ಇಲ್ಲಿಯೇ ಆತನ ಹೆಸರಾಂತ ತಿರುವು. ಗಣರಾಜ್ಯ ಸಣ್ಣ ಪ್ರದೇಶದಲ್ಲಷ್ಟೇ ಬಾಳೀತು ಎಂಬುದು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಕಾಲದಿಂದ ವಿದ್ವಾಂಸರು ಒಪ್ಪಿಕೊಂಡು ಬಂದ ಮಾತು. ಹೊಸ ಸಂವಿಧಾನದ ವಿರೋಧಿಗಳು ಅದನ್ನೇ ಅಸ್ತ್ರ ಮಾಡಿಕೊಂಡಿದ್ದರು. ಮ್ಯಾಡಿಸನ್ ಅದನ್ನು ತಲೆಕೆಳಗು ಮಾಡಿದ. (ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಈ ದಿಕ್ಕಿನಲ್ಲಿ ಮೊದಲೇ ಯೋಚಿಸಿದ್ದ, ಆದ್ದರಿಂದ ಪೂರ್ಣ ಸ್ವಂತದ್ದು ಎನ್ನಲಾಗದು.) ಸಣ್ಣ ಊರಿನಲ್ಲಿ ಕುಲ-ಕಸುಬುಗಳು ಕೆಲವೇ, ಒಂದೇ ಹಿತಾಸಕ್ತಿಯವರು ಬಹುಮತವಾಗುವುದು ಸುಲಭ, ಕೂಡಿ ಸಂಚುಹೂಡುವುದು ಇನ್ನೂ ಸುಲಭ. ಹದಿಮೂರು ರಾಜ್ಯಗಳ ವಿಸ್ತಾರದಲ್ಲಿ ಪಂಥಗಳೂ ಕಸುಬುಗಳೂ ಅಸಂಖ್ಯ. ಇತರರ ಹಕ್ಕು ತುಳಿಯಬೇಕೆಂಬ ಒಂದೇ ಉದ್ದೇಶಕ್ಕೆ ಅವೆಲ್ಲ ಒಟ್ಟಾಗಿ ಬಹುಮತ ಕಟ್ಟುವುದು ಕಷ್ಟ. ಬ್ಯಾಪ್ಟಿಸ್ಟರಿಗೆ ರಕ್ಷಣೆ ಸಿಕ್ಕಿದ್ದು ಆಂಗ್ಲಿಕನ್ನರ ಔದಾರ್ಯದಿಂದಲ್ಲ, ಪ್ರೆಸ್ಬಿಟೇರಿಯನ್ನರು, ಕ್ವೇಕರರು ಎಂಬ ಬೇರೆ ಪಂಥದವರೂ ಇದ್ದದ್ದರಿಂದ ಎಂಬ ವರ್ಜೀನಿಯಾದ ಪಾಠ ಈ ವಾದದ ಹಿಂದೆ ಕೆಲಸ ಮಾಡಿದೆ ಎಂದು ನನ್ನ ಎಣಿಕೆ. 51ನೆಯ ಕಂತಿನಲ್ಲಿ ಆತನೇ ನಾಗರಿಕ ಹಕ್ಕುಗಳ ರಕ್ಷಣೆಯನ್ನು ಧಾರ್ಮಿಕ ಹಕ್ಕುಗಳ ರಕ್ಷಣೆಗೆ ಹೋಲಿಸಿದ್ದಾನೆ: ಒಂದರಲ್ಲಿ ಹಿತಾಸಕ್ತಿಗಳ ಬಹುಸಂಖ್ಯೆ, ಇನ್ನೊಂದರಲ್ಲಿ ಪಂಥಗಳ ಬಹುಸಂಖ್ಯೆ.

ಈಗ ಒಕ್ಕೂಟದ ವಿಷಯ. 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ, ಹೊಸ ಸಂವಿಧಾನ ರೂಪಿಸಿದ ಸಭೆಗೆ ಆತ ತಂದ ಯೋಜನೆಯಲ್ಲಿ ಒಕ್ಕೂಟದ ಶಾಸನಸಭೆಗೆ ರಾಜ್ಯಗಳ ಕಾನೂನುಗಳ ಮೇಲೆ ತಡೆಯಧಿಕಾರ, ಅಂದರೆ ವೀಟೊ, ಇತ್ತು. ಆತನ ಖಾಸಗಿ ಇಚ್ಛೆ ಅದಕ್ಕೂ ಮೀರಿದ್ದು: ಯಾವುದೇ ವಿಷಯದಲ್ಲಾದರೂ ತಡೆಯುವಂತಿರಬೇಕು. ತರ್ಕ ಸ್ಪಷ್ಟ. ದೊಡ್ಡ ಗಣರಾಜ್ಯದಲ್ಲಿ ಅನ್ಯಾಯದ ಬಹುಮತ ಕಟ್ಟುವುದು ಕಷ್ಟವಾದ್ದರಿಂದ ಅದು ಸಣ್ಣ ಗಣರಾಜ್ಯಗಳ ಜಗಳದಲ್ಲಿ ನಿಷ್ಪಕ್ಷಪಾತಿ ಪಂಚನಾಗಬಲ್ಲದು. ಸಭೆ ಇದಕ್ಕೆ ಒಪ್ಪಲಿಲ್ಲ. ಜುಲೈ 16ರಂದು ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನ ಎಂಬ ರಾಜಿ ಗೆದ್ದಿತು, ಮರುದಿನ ವೀಟೊ ಬಿದ್ದುಹೋಯಿತು. ಎರಡನ್ನೂ ಮ್ಯಾಡಿಸನ್ ಸೋಲೆಂದೇ ಎಣಿಸಿದ; ಅಕ್ಟೋಬರ್ 24ರಂದು ಪ್ಯಾರಿಸ್‌ನಲ್ಲಿದ್ದ ಜೆಫರ್ಸನ್‌ಗೆ ಬರೆದ ಸುದೀರ್ಘ ಪತ್ರದಲ್ಲಿ ವೀಟೊ ಇಲ್ಲದ ಕೊರತೆಯನ್ನು ವಿವರವಾಗಿ ತೋಡಿಕೊಂಡ.

ಆದ್ದರಿಂದ 10, 39, 45, 51ನೆಯ ಕಂತುಗಳನ್ನು ಓದುವಾಗ ನೀವು ಒಂದನ್ನು ನೆನಪಿಡಬೇಕು: ಅವು ತನ್ನ ಕನಸಿನ ಸಂವಿಧಾನವನ್ನು ವರ್ಣಿಸುವ ಲೇಖನಗಳಲ್ಲ, ಕೈಗೆ ಸಿಕ್ಕಿದ ಸಂವಿಧಾನವನ್ನು ನ್ಯೂಯಾರ್ಕಿನ ಮತದಾರರ ಮುಂದೆ ಸಮರ್ಥಿಸುವ ವಕೀಲಿಕೆ. ಹೊಸ ವ್ಯವಸ್ಥೆ ಪೂರ್ತಿ ರಾಷ್ಟ್ರೀಯವೂ ಅಲ್ಲ, ಪೂರ್ತಿ ಒಕ್ಕೂಟವೂ ಅಲ್ಲ, ಎರಡರ ಮಿಶ್ರಣ ಎಂದು 39ನೆಯ ಕಂತು ಹೇಳುತ್ತದೆ. ಒಕ್ಕೂಟದ ಅಧಿಕಾರಗಳು ಕೆಲವು ಮತ್ತು ನಿರ್ದಿಷ್ಟ, ರಾಜ್ಯಗಳವು ಹಲವು ಮತ್ತು ಅನಿರ್ದಿಷ್ಟ ಎಂದು 45ನೆಯದು. 51ನೆಯದರಲ್ಲಿ ಅಧಿಕಾರ ಮೊದಲು ಎರಡು ಸರ್ಕಾರಗಳ ನಡುವೆ, ಮತ್ತೆ ಪ್ರತಿಯೊಂದರೊಳಗೂ ಅಂಗಗಳ ನಡುವೆ ಹಂಚಿಕೆಯಾಗಿ ಜನರ ಹಕ್ಕಿಗೆ ‘ಇಮ್ಮಡಿ ಭದ್ರತೆ’ ಒದಗುತ್ತದೆ. ಮೇ ತಿಂಗಳಲ್ಲಿ ಈ ವಾದವನ್ನು ಆತ ಇಷ್ಟು ಹುರುಪಿನಿಂದ ಮಾಡುತ್ತಿರಲಿಲ್ಲ. ಸೋತ ಅಂಶವನ್ನೇ ಗುಣವೆಂದು ಎತ್ತಿಹಿಡಿದ ಎಂದು ನೀವು ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ವಾದಿಸುತ್ತ ವಾದಿಸುತ್ತ ಅದನ್ನು ನಂಬತೊಡಗಿದ ಎಂಬುದೂ ಮುಂದಿನ ನಡೆಯಿಂದ ಕಾಣುತ್ತದೆ.

ಹಕ್ಕುಗಳ ಪಟ್ಟಿಯ ವಿಷಯದಲ್ಲಿ ಆತನ ಅನುಮಾನ ಪ್ರಾಮಾಣಿಕವಾದದ್ದು. 1788ರ ಅಕ್ಟೋಬರ್ 17ರಂದು ಜೆಫರ್ಸನ್‌ಗೆ ಬರೆದ ಪತ್ರದಲ್ಲಿ, ನಿಜವಾದ ಅಧಿಕಾರ ಎಲ್ಲಿದೆಯೋ ಅಲ್ಲೇ ದಬ್ಬಾಳಿಕೆಯ ಅಪಾಯ. ನಮ್ಮಲ್ಲಿ ಅದು ಬಹುಜನರ ಕೈಯಲ್ಲಿದೆ. ಬಹುಜನ ಹಟ ಹಿಡಿದಾಗ ಇಂಥ ಚರ್ಮಪತ್ರದ ತಡೆಗೋಡೆಗಳನ್ನು ಪ್ರತಿ ರಾಜ್ಯದಲ್ಲೂ ದಾಟಿದ್ದನ್ನು ಕಂಡಿದ್ದೇನೆ ಎಂದ. ಪಟ್ಟಿಯಲ್ಲಿ ಬಿಟ್ಟುಹೋದ ಹಕ್ಕು ಇಲ್ಲವೇ ಇಲ್ಲ ಎಂದಾದೀತು ಎಂಬ ಹೆದರಿಕೆಯೂ ಇತ್ತು. ಜೆಫರ್ಸನ್ ಮರುವರ್ಷದ ಮಾರ್ಚ್‌ನಲ್ಲಿ ಕೊಟ್ಟ ಉತ್ತರ ಚುಟುಕಾದದ್ದು: ಪಟ್ಟಿ ಇದ್ದರೆ ನ್ಯಾಯಾಂಗದ ಕೈಗೆ ಒಂದು ಕಾನೂನಿನ ಹಿಡಿತ ಸಿಗುತ್ತದೆ, ಅದನ್ನು ನೀನು ಲೆಕ್ಕಕ್ಕೆ ಹಿಡಿದಿಲ್ಲ.

ನಡುವೆ ಚುನಾವಣೆ ಬಂತೆನ್ನುವುದೂ ಸತ್ಯ. ಪ್ಯಾಟ್ರಿಕ್ ಹೆನ್ರಿಯ ಹಿಡಿತದಲ್ಲಿದ್ದ ವರ್ಜೀನಿಯಾ ಶಾಸನಸಭೆ ಮ್ಯಾಡಿಸನ್‌ಗೆ ಸೆನೆಟ್ ಸ್ಥಾನ ತಪ್ಪಿಸಿತು. ಕೆಳಮನೆಗೆ ಜೇಮ್ಸ್ ಮನ್ರೋ ಎದುರು ನಿಲ್ಲಬೇಕಾಯಿತು. ತಿದ್ದುಪಡಿ ತರುವೆನೆಂದು ಮತದಾರರಿಗೆ, ಮುಖ್ಯವಾಗಿ ತನ್ನ ಹಳೆಯ ಬ್ಯಾಪ್ಟಿಸ್ಟ್ ಬೆಂಬಲಿಗರಿಗೆ, ಮಾತುಕೊಟ್ಟು 1789ರ ಫೆಬ್ರವರಿಯಲ್ಲಿ 972ಕ್ಕೆ 1,308 ಮತಗಳಿಂದ ಗೆದ್ದ. ಕೊಟ್ಟ ಮಾತಿಗಾಗಿಯಷ್ಟೇ ಮಾಡಿದ್ದರೆ ಒಂದು ಶಾಸ್ತ್ರದ ಭಾಷಣ ಸಾಕಾಗುತ್ತಿತ್ತು. ಜೂನ್ 8ರಂದು ಸದನ ಬೇಸರದಿಂದ ಮುಂದೂಡಲು ನೋಡಿದರೂ ಆತ ಬಿಡಲಿಲ್ಲ, ಜೆಫರ್ಸನ್ ಹೇಳಿದ ನ್ಯಾಯಾಂಗದ ವಾದವನ್ನೇ ತನ್ನದಾಗಿಸಿಕೊಂಡು ಮಂಡಿಸಿದ. ಕೆಳಮನೆ 17 ತಿದ್ದುಪಡಿಗಳನ್ನು ಒಪ್ಪಿತು, ಸೆನೆಟ್ ಅವನ್ನು 12ಕ್ಕೆ ಇಳಿಸಿತು, ರಾಜ್ಯಗಳು ಅನುಮೋದಿಸಿದ 10 ತಿದ್ದುಪಡಿಗಳು 1791ರ ಡಿಸೆಂಬರ್ 15ರಂದು ಬಿಲ್ ಆಫ್ ರೈಟ್ಸ್ ಆದವು.

ಸೆನೆಟ್ ಕೈಬಿಟ್ಟವುಗಳಲ್ಲಿ ಒಂದರ ಮೇಲೆ ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ನಿಂತಿದೆ. ಆತ್ಮಸಾಕ್ಷಿಯ ಸಮಾನ ಹಕ್ಕು, ಪತ್ರಿಕಾ ಸ್ವಾತಂತ್ರ್ಯ, ಅಪರಾಧ ಪ್ರಕರಣಗಳಲ್ಲಿ ಜ್ಯೂರಿ ವಿಚಾರಣೆ — ಇವನ್ನು ಯಾವ ರಾಜ್ಯವೂ ಉಲ್ಲಂಘಿಸಕೂಡದು ಎಂಬ ತಿದ್ದುಪಡಿ ಅದು. ಇಡೀ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ ಎಂದು ಮ್ಯಾಡಿಸನ್ ಸದನದಲ್ಲಿ ಹೇಳಿದ್ದ. ಉಳಿದವರು ಹಕ್ಕುಗಳ ಪಟ್ಟಿಯನ್ನು ಕೇಂದ್ರಕ್ಕೆ ಕಟ್ಟುವ ಹಗ್ಗವೆಂದು ನೋಡಿದರೆ, ಈತ ಅದರ ಒಂದು ತುದಿಯನ್ನು ರಾಜ್ಯಗಳಿಗೂ ಸುತ್ತಲು ನೋಡಿದ. ಸತ್ತುಹೋದ ವೀಟೊದ ಕೆಲಸವನ್ನು ಹಕ್ಕುಗಳ ಮೂಲಕ ಮಾಡಿಸುವ ಪ್ರಯತ್ನ ಅದು. ಅಂತರ್ಯುದ್ಧದ ನಂತರ 1868ರ 14ನೆಯ ತಿದ್ದುಪಡಿ ಬಂದು, 1925ರ ಗಿಟ್ಲೋ ಪ್ರಕರಣದಿಂದ ನ್ಯಾಯಾಲಯಗಳು ವಾಕ್‌ಸ್ವಾತಂತ್ರ್ಯವನ್ನು ರಾಜ್ಯಗಳ ವಿರುದ್ಧವೂ ಅನ್ವಯಿಸತೊಡಗುವವರೆಗೆ ಆ ಜಾಗ ಖಾಲಿ ಉಳಿಯಿತು. ನಮ್ಮ ಸಂವಿಧಾನಕಾರರು ಈ ಖಾಲಿ ಜಾಗವನ್ನು ಆರಂಭದಲ್ಲೇ ತುಂಬಿದರು: ಮೂಲಭೂತ ಹಕ್ಕುಗಳು ಸಂಸತ್ತಿಗೂ ರಾಜ್ಯಗಳ ಶಾಸನಸಭೆಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಅನ್ವಯ ಎಂದು 12ನೆಯ ವಿಧಿ ಹೇಳುತ್ತದೆ. ಜೆಫರ್ಸನ್ ಹೇಳಿದ ನ್ಯಾಯಾಂಗದ ಹಿಡಿತ ಎಷ್ಟು ಬಿಗಿಯಿರಬೇಕು ಎಂಬುದು ಮಾತ್ರ ನಮ್ಮಲ್ಲೂ ಚರ್ಚೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ‘ಡ್ಯೂ ಪ್ರೋಸೆಸ್’, ಅಂದರೆ ನ್ಯಾಯಯುತ ಪ್ರಕ್ರಿಯೆ, ಎಂಬ ಪದಪುಂಜ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬ ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆಯ ನಂತರ 21ನೆಯ ವಿಧಿಗೆ ‘ಕಾನೂನು ವಿಧಿಸಿದ ಪ್ರಕ್ರಿಯೆ’ ಎಂಬ ಒಕ್ಕಣೆ ಬಂತು.

ಪಕ್ಷದ ಪ್ರಶ್ನೆಗೆ ಬರೋಣ. ಅಲ್ಪಸಂಖ್ಯೆಯ ಬಣದ ಬಗ್ಗೆ 10ನೆಯ ಕಂತು ಹೆಚ್ಚು ತಲೆಕೆಡಿಸಿಕೊಂಡಿಲ್ಲ. ಬಹುಮತ ಅದನ್ನು ಮತಹಾಕಿ ಸೋಲಿಸುತ್ತದೆ ಎಂದು ಒಂದೆರಡು ವಾಕ್ಯಗಳಲ್ಲಿ ಮುಗಿಸಿದೆ. ಸಿದ್ಧಾಂತದ ಬಿರುಕು ಅಲ್ಲಿತ್ತು. 1790ರಲ್ಲಿ ಹಣಕಾಸು ಕಾರ್ಯದರ್ಶಿ ಹ್ಯಾಮಿಲ್ಟನ್ ಯುದ್ಧಕಾಲದ ಸಾಲಪತ್ರಗಳಿಗೆ ಪೂರ್ಣ ಬೆಲೆ ಕೊಡಲು ಹೊರಟಾಗ, ಸೈನಿಕರಿಂದ ಅವನ್ನು ಕವಡೆ ಕಾಸಿಗೆ ಕೊಂಡಿದ್ದ ಸಟ್ಟಾ ವ್ಯಾಪಾರಿಗಳಿಗೆ ಲಾಭ ಹೋಗುತ್ತದೆಂದು ಮ್ಯಾಡಿಸನ್ ಮೂಲ ಹಕ್ಕುದಾರರಿಗೂ ಪಾಲು ಕೇಳಿದ. 36ಕ್ಕೆ 13ರಿಂದ ಸೋತ. ಮರುವರ್ಷ ರಾಷ್ಟ್ರೀಯ ಬ್ಯಾಂಕ್ ಬಂತು. ಚದುರಿದ ವಿಶಾಲ ದೇಶದಲ್ಲಿ ಬಹುಜನ ಒಟ್ಟಾಗುವುದು ಕಷ್ಟ ಎಂದರೆ, ರಾಜಧಾನಿಯ ಸುತ್ತ ಸೇರಿದ ಪುಟ್ಟ ಹಣವಂತ ಗುಂಪನ್ನು ತಡೆಯಲು ಒಟ್ಟಾಗುವುದೂ ಕಷ್ಟವೇ. ಈ ಸಂಗತಿ ಅನುಭವದಿಂದ ಹೊಳೆದ ಮೇಲೆ ಆತ ಪತ್ರಿಕೆಗಳ, ಚುನಾವಣೆಗಳ ಮೂಲಕ ಬಹುಮತವನ್ನು ಒಂದುಗೂಡಿಸಲು ಹೊರಟ. ಸಿದ್ಧಾಂತವನ್ನು ಕೈಬಿಟ್ಟ ಎನ್ನುವುದಕ್ಕಿಂತ ಅದರ ತೂತಿಗೆ ತೇಪೆ ಹಾಕಿದ ಎನ್ನುವುದು ಸರಿ. ತನ್ನ ಪಕ್ಷ ಜನರ ಪಕ್ಷ, ಎದುರಿನವರದು ಬಣ ಎಂದು ಆತ ಭಾವಿಸಿದ್ದು ಮಾತ್ರ ಎಲ್ಲ ಪಕ್ಷದವರೂ ಭಾವಿಸುವ ರೀತಿಯಲ್ಲೇ ಇದೆ. ಬ್ಯಾಂಕ್ ಸಂವಿಧಾನಬಾಹಿರ ಎಂದವನೇ ಅಧ್ಯಕ್ಷನಾಗಿ 1816ರಲ್ಲಿ ಎರಡನೆಯ ಬ್ಯಾಂಕಿಗೆ ಸಹಿ ಹಾಕಿದ; ಜನ ಒಪ್ಪಿ ನಡೆದ ರೂಢಿ ಅರ್ಥವನ್ನು ನೆಲೆಗೊಳಿಸಿದೆ ಎಂಬ ಸಮಜಾಯಿಷಿ ಕೊಟ್ಟ. ಇಲ್ಲಿ ಮನಸ್ಸು ಬದಲಾದದ್ದು ನಿಜ.

1798ರ ತಿರುವಿನಲ್ಲಿ ನನಗೆ ವೈರುಧ್ಯ ಕಾಣುವುದಿಲ್ಲ. ಆ ವರ್ಷದ ದೇಶದ್ರೋಹ ಕಾನೂನು ಸರ್ಕಾರ, ಕಾಂಗ್ರೆಸ್ ಮತ್ತು ಅಧ್ಯಕ್ಷರ ವಿರುದ್ಧದ ಟೀಕೆಯನ್ನು ಅಪರಾಧವಾಗಿಸಿತು; ಉಪಾಧ್ಯಕ್ಷನಾಗಿದ್ದ ಜೆಫರ್ಸನ್‌ಗೆ ಮಾತ್ರ ಆ ರಕ್ಷಣೆ ಇರಲಿಲ್ಲ, ಏಕೆಂದರೆ ಆತ ವಿರೋಧಪಕ್ಷದವನು. ಅಧಿಕಾರದಲ್ಲಿದ್ದವರು ತಮ್ಮ ಟೀಕಾಕಾರರ ಮೇಲೆ ತಾವೇ ತೀರ್ಪು ಕೊಡುವ ವ್ಯವಸ್ಥೆ ಇದು, ಈ ಸಲ ಕೇಂದ್ರದಲ್ಲಿ. ಮ್ಯಾಡಿಸನ್ ಬರೆದ ವರ್ಜೀನಿಯಾ ನಿರ್ಣಯಗಳು ರಾಜ್ಯಗಳು ‘ನಡುವೆ ಬಂದು’ ಎಚ್ಚರಿಸಬೇಕು ಎಂದವು; ರಾಜ್ಯ ಸರ್ಕಾರಗಳು ಹೀಗೆ ಅಪಾಯದ ಗಂಟೆ ಬಾರಿಸಬಲ್ಲವು ಎಂದು 46ನೆಯ ಕಂತಿನಲ್ಲೇ ಬರೆದಿದ್ದ. ಮೂವತ್ತು ವರ್ಷಗಳ ನಂತರ ಸೌತ್ ಕ್ಯಾರೊಲಿನಾ ಇದೇ ನಿರ್ಣಯವನ್ನು ತೋರಿಸಿ, ಕೇಂದ್ರದ ಕಾನೂನನ್ನು ತಾನೊಂದೇ ರದ್ದುಮಾಡಬಹುದು ಎಂದಾಗ, ಎಂಬತ್ತರ ಅಂಚಿನಲ್ಲಿದ್ದ ಮ್ಯಾಡಿಸನ್ 1830ರಲ್ಲಿ ಎಡ್ವರ್ಡ್ ಎವರೆಟ್‌ಗೆ ಪತ್ರ ಬರೆದು ಅದನ್ನು ಬಲವಾಗಿ ಅಲ್ಲಗಳೆದ. ಇಡೀ ಒಕ್ಕೂಟಕ್ಕೆ ಸೇರಿದ ವ್ಯಾಜ್ಯವನ್ನು ಒಂದು ರಾಜ್ಯ ಒಂಟಿಯಾಗಿ ತೀರ್ಮಾನಿಸಲು ಬಿಡುವುದೆಂದರೆ ಮತ್ತೆ ಅದೇ ಹಳೆಯ ದೋಷ.

ನೀವು ಕೇಳದೆ ಬಿಟ್ಟ ನಾಲ್ಕನೆಯ ವೈರುಧ್ಯಕ್ಕೆ ಇಂಥ ಸಮಾಧಾನ ಯಾವುದೂ ನನ್ನಲ್ಲಿಲ್ಲ. ವರ್ಜೀನಿಯಾದ ಮಾಂಟ್‌ಪೀಲಿಯರ್ ತೋಟದಲ್ಲಿ ಮ್ಯಾಡಿಸನ್ ಕುಟುಂಬ ನೂರಕ್ಕೂ ಹೆಚ್ಚು ಮಂದಿಯನ್ನು ಗುಲಾಮರನ್ನಾಗಿ ಇಟ್ಟುಕೊಂಡಿತ್ತು. 1783ರಲ್ಲಿ ಫಿಲಡೆಲ್ಫಿಯಾದಿಂದ ತಂದೆಗೆ ಬರೆದ ಪತ್ರದಲ್ಲಿ, ತನ್ನ ಜೊತೆಗಿದ್ದ ಬಿಲ್ಲಿ ಎಂಬ ಗುಲಾಮನನ್ನು ಇನ್ನು ವರ್ಜೀನಿಯಾಕ್ಕೆ ಕರೆತರಲಾರೆ, ನಾವು ಇಷ್ಟೊಂದು ರಕ್ತದ ಬೆಲೆ ತೆತ್ತು ಪಡೆದ ಸ್ವಾತಂತ್ರ್ಯವನ್ನು ಅವನೂ ಬಯಸಿದನೆಂಬ ಕಾರಣಕ್ಕೆ ಶಿಕ್ಷಿಸಲೂ ಆರೆ ಎಂದ. ಎಂದವನೇ ಅವನನ್ನು ಮಾರಿದ, ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನಿನ ಪ್ರಕಾರ ನಿಗದಿತ ಅವಧಿಯ ದುಡಿಮೆಗೆ. 1836ರ ಜೂನ್ 28ರಂದು ಸಾಯುವಾಗ ತನ್ನ ಉಯಿಲಿನಿಂದ ಒಬ್ಬರನ್ನೂ ಬಿಡುಗಡೆ ಮಾಡಲಿಲ್ಲ. ಅವರ ಒಪ್ಪಿಗೆಯಿಲ್ಲದೆ ಮಾರಬಾರದೆಂಬ ಇಚ್ಛೆಯನ್ನಷ್ಟೇ ಬರೆದ, ಸಾಲದ ಒತ್ತಡದಲ್ಲಿ ಹೆಂಡತಿ ಡಾಲಿ ಅದನ್ನೂ ಪಾಲಿಸಲಿಲ್ಲ. ಗೊತ್ತಿರಲಿಲ್ಲ ಎನ್ನುವಂತಿಲ್ಲ. 1787ರ ಜೂನ್ 6ರಂದು ಫಿಲಡೆಲ್ಫಿಯಾ ಸಭೆಯ ಮುಚ್ಚಿದ ಬಾಗಿಲ ಹಿಂದೆ ಬಹುಮತದ ದಬ್ಬಾಳಿಕೆಗೆ ಉದಾಹರಣೆಗಳನ್ನು ಕೊಡುವಾಗ, ಕೇವಲ ಬಣ್ಣದ ವ್ಯತ್ಯಾಸವನ್ನು ನೆಪಮಾಡಿಕೊಂಡು ಮನುಷ್ಯ ಮನುಷ್ಯನ ಮೇಲೆ ಹಿಂದೆಂದೂ ಇಲ್ಲದಷ್ಟು ಕ್ರೂರವಾದ ಒಡೆತನ ನಡೆಸಿದ್ದನ್ನು ನಾವು ಕಂಡಿದ್ದೇವೆ ಎಂದು ಆತನೇ ಹೇಳಿದ್ದ, ಆತನೇ ಬರೆದುಕೊಂಡ. ಆ ಟಿಪ್ಪಣಿಗಳು ಅಚ್ಚಾದದ್ದು 1840ರಲ್ಲಿ. ಅದೇ ವಾದವನ್ನು 1787ರ ನವೆಂಬರ್‌ನಲ್ಲಿ ಪತ್ರಿಕೆಗಾಗಿ 10ನೆಯ ಕಂತಾಗಿ ಬರೆದಾಗ ಸಾಲಗಾರರು, ಸಾಲ ಕೊಟ್ಟವರು, ಭೂಮಿಯವರು, ವ್ಯಾಪಾರಿಗಳು, ಪಂಥದವರು ಎಲ್ಲರೂ ಉದಾಹರಣೆಗಳಾಗಿ ಉಳಿದರು. ಜೂನ್ 6ರ ಆ ವಾಕ್ಯವೊಂದು ಉಳಿಯಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ.